ಸೀಸದ ಮಣ್ಣಿನ ನಡುವೆ ಹಂಚಿದ ಬೆಲ್ಲ

ಕೋವಿಡ್ ಗದ್ದಲ ಅಡಗಿದ ಮರುವರ್ಷದ ಮಾತು. ಕಾರ್ಖಾನೆಯೊಂದರ ವೈದ್ಯಕೀಯ ವಿಭಾಗದಲ್ಲಿ ವೈದ್ಯೆಯಾಗಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತಳಾಗಿದ್ದೆ. ಚಾಮರಾಜಪುರಂನ ಮನೆಯಲ್ಲಿ ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ. ಕರೆದ ಕಡೆ ಹೋಗಿ ಕಾರ್ಮಿಕರ ಆರೋಗ್ಯ ತಪಾಸಣೆ ಮಾಡಿಕೊಡುತ್ತಿದ್ದೆ. ಹಾಗೆ ಬಂದದ್ದು ಹೂಟಗಳ್ಳಿ ಅಂಚಿನ ಆ ಸೈಟಿನ ಕೆಲಸ.

ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ ಸಣ್ಣ ಘಟಕವೊಂದು ಅಲ್ಲಿತ್ತು. ಮಾಲೀಕರು ಬೀಗ ಹಾಕಿಕೊಂಡು ಹೋದರು, ಸೀಸವನ್ನು ಮಣ್ಣಿನಲ್ಲೇ ಬಿಟ್ಟು ಹೋದರು. ಆ ಮಣ್ಣನ್ನು ಮೊಣಕಾಲುದ್ದ ಅಗೆದು, ದಪ್ಪ ಚೀಲಗಳಿಗೆ ತುಂಬಿ, ಅಪಾಯಕಾರಿ ತ್ಯಾಜ್ಯ ಹೂಳುವ ಜಾಗಕ್ಕೆ ಸಾಗಿಸಬೇಕಿತ್ತು. ಅಗೆಯಲು ಒಂದು ಜೆಸಿಬಿ, ಚೀಲ ತುಂಬಲು ಸುತ್ತಲ ಹಳ್ಳಿಗಳ ಹದಿನೆಂಟು ಹೆಂಗಸರು. ಗೇಟಿನ ಮೇಲೆ 'ಪರಿಸರ ಶುದ್ಧೀಕರಣ ಕಾಮಗಾರಿ' ಎಂಬ ದೊಡ್ಡ ಬೋರ್ಡು. ಮಣ್ಣಿನಿಂದ ತೆಗೆದ ವಿಷ ಯಾರ ಮೈ ಸೇರುತ್ತದೆ ಎಂದು ಮಾತ್ರ ಯಾವ ಬೋರ್ಡಿನಲ್ಲೂ ಬರೆದಿರಲಿಲ್ಲ.

ಮೊದಲ ದಿನ ಎಲ್ಲರ ರಕ್ತ ತೆಗೆಸಿದೆ. ಸೀಸದ ಕೆಲಸದಲ್ಲಿ ಇದೇ ಕ್ರಮ: ಶುರುವಿನಲ್ಲೊಮ್ಮೆ, ತಿಂಗಳ ನಂತರ ಇನ್ನೊಮ್ಮೆ ರಕ್ತದಲ್ಲಿರುವ ಸೀಸದ ಪ್ರಮಾಣ ನೋಡಬೇಕು. ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಯಾರಾದರೂ ಬಸುರಿಯರು ಇದ್ದೀರಾ ಎಂದು ಕೇಳಿದೆ. ಸೈಟ್ ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದ, ಜೆಸಿಬಿ ಡ್ರೈವರ್ ನೋಡುತ್ತಿದ್ದ. ಯಾರೂ ಬಾಯಿ ಬಿಡಲಿಲ್ಲ. ಯಾರೂ ಇಲ್ಲ ಎಂದು ಬರೆದುಕೊಂಡೆ. ಇಪ್ಪತ್ತಾರು ವರ್ಷದ ಅನುಭವ ಇದ್ದವಳು ಕೇಳುವ ರೀತಿಯೇ ಅದು?

ಮಾಸ್ಕ್ ಇತ್ತು, ಕೈಗವಸು ಇತ್ತು, ಧೂಳೇಳದಂತೆ ಮಣ್ಣಿಗೆ ನೀರು ಚಿಮುಕಿಸಲು ಟ್ಯಾಂಕರ್ ಬರುತ್ತಿತ್ತು. ಹನ್ನೊಂದು ಗಂಟೆಗೆ ಕೆಲಸ ನಿಲ್ಲಿಸಿ, ಕಾಮಗಾರಿ ಹಿಡಿದ ಗುತ್ತಿಗೆದಾರನ ಖರ್ಚಿನಲ್ಲಿ ಎಲ್ಲರಿಗೂ ಒಂದೊಂದು ಅಚ್ಚು ಬೆಲ್ಲ ಹಂಚುತ್ತಿದ್ದರು. ಧೂಳಿನ ಕೆಲಸ ಇರುವಲ್ಲೆಲ್ಲ ನಮ್ಮಲ್ಲಿ ಈ ಪದ್ಧತಿ ಇದೆ. ಗಂಟಲಿಗಿಳಿದ ಧೂಳನ್ನು ಬೆಲ್ಲ ಎಳೆದುಕೊಂಡು ಹೋಗುತ್ತದೆ ಎಂಬ ನಂಬಿಕೆ. ಹಂಚುವವಳು ಗುಂಪಿನ ಹಿರಿಯಳಾದ ಸಣ್ಣಮ್ಮ. ನನ್ನ ಕೈಗೂ ಒಂದು ಅಚ್ಚು ಇಟ್ಟಳು. ತಿಂದೆ. ಪಾಪ, ಗುತ್ತಿಗೆದಾರ ಒಳ್ಳೆಯವನು ಅನ್ನಿಸಿತು.

ತಿಂಗಳ ನಂತರದ ರಿಪೋರ್ಟು ನೋಡಿ ನನಗೆ ತಲೆಬುಡ ತಿಳಿಯಲಿಲ್ಲ. ಹದಿನೆಂಟೂ ಹೆಂಗಸರ ರಕ್ತದಲ್ಲಿ ಸೀಸ ಏರಿತ್ತು. ದಿನವಿಡೀ ಧೂಳಿನ ನಡುವೆ, ಬಾಗಿಲಿಲ್ಲದ ಜೆಸಿಬಿಯಲ್ಲಿ ಕೂರುತ್ತಿದ್ದ ಡ್ರೈವರಿಗೆ ಮಾತ್ರ ಹೆಚ್ಚುಕಮ್ಮಿ ಮೊದಲಿನಷ್ಟೇ ಇತ್ತು. ಅವನನ್ನು ಕರೆಸಿ ಏನು ತಿನ್ನುತ್ತೀಯ, ಏನು ಕುಡಿಯುತ್ತೀಯ ಎಂದು ಒಂದೂ ಬಿಡದೆ ವಿಚಾರಿಸಿದೆ.

"ಮನೆಗೋಗೋ ತಂಕ ಏನೂ ತಿನ್ನಲ್ಲ ಮೇಡಂ. ಬೆಲ್ಲ ಮುಟ್ಟಂಗೇ ಇಲ್ಲ, ಶುಗರ್ ಐತೆ," ಅಂದ.

ಎದ್ದು ಸೈಟಿಗೆ ಹೋದೆ. ಹನ್ನೊಂದಕ್ಕೆ ಸರಿಯಾಗಿ ಹೆಂಗಸರು ಕೈಗವಸು ಕಳಚಿದರು, ಮಾಸ್ಕನ್ನು ಗಲ್ಲದ ಕೆಳಕ್ಕೆ ಎಳೆದರು, ಬೂದು ಬಣ್ಣಕ್ಕೆ ತಿರುಗಿದ ಬೆರಳನ್ನು ಸೀರೆಗೆ ಒರೆಸಿಕೊಂಡು ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡರು. ಕೈ ತೊಳೆಯಲು ಆ ಇಡೀ ಸೈಟಿನಲ್ಲಿ ಒಂದು ನಲ್ಲಿಯೂ ಇರಲಿಲ್ಲ. ಮಣ್ಣಿಗೆ ಟ್ಯಾಂಕರ್‌ಗಟ್ಟಲೆ ನೀರು, ಮನುಷ್ಯರ ಕೈಗೆ ಒಂದು ಚೊಂಬಿಲ್ಲ! ಸೀಸ ಉಸಿರಿನಲ್ಲಿ ಹೋಗುವಂತೆ ಊಟದಲ್ಲೂ ಹೋಗುತ್ತದೆ ಎಂಬುದು ಈ ವೃತ್ತಿಯ ಅ ಆ ಇ ಈ. ಮೊದಲ ದಿನ ಅದೇ ಜಾಗದಲ್ಲಿ ನಿಂತು ಬೆಲ್ಲ ಚಪ್ಪರಿಸಿದವಳಿಗೆ ಅದು ಹೊಳೆದಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಸೀಸ ಇದ್ದದ್ದು ಭಾಗ್ಯ ಎಂಬ ಇಪ್ಪತ್ತಮೂರರ ಹುಡುಗಿಯಲ್ಲಿ. ಈ ಸಲ ಬಾಗಿಲು ಹಾಕಿ ಒಬ್ಬಳನ್ನೇ ಕೂರಿಸಿ ಕೇಳಿದೆ. ಐದು ತಿಂಗಳಂತೆ. ಹೇಳಿದರೆ ಕೆಲಸ ಹೋಗುತ್ತದೆ ಎಂದು ಮುಚ್ಚಿಟ್ಟಿದ್ದಳು. ಸಣ್ಣಮ್ಮನಿಗೆ ಮಾತ್ರ ಗೊತ್ತಿತ್ತು. ಬಸುರಿ ಹೆಂಗಸು, ಚೆನ್ನಾಗಿ ತಿನ್ನಲಿ ಎಂದು ಸಣ್ಣಮ್ಮ ದಿನಾ ಅವಳಿಗೆ ಎರಡು ಅಚ್ಚು ಎತ್ತಿಡುತ್ತಿದ್ದಳು. ತಾಯಿಯ ರಕ್ತದ ಸೀಸ ನೇರವಾಗಿ ಮಗುವಿಗೂ ಇಳಿಯುತ್ತದೆ.

ಮ್ಯಾನೇಜರ್ ಮೇಲೆ ಹರಿಹಾಯ್ದೆ. ನಲ್ಲಿ ಎಲ್ಲಿ, ಸೋಪು ಎಲ್ಲಿ, ಬಟ್ಟೆ ಬದಲಿಸುವ ಕೋಣೆ ಎಲ್ಲಿ ಎಂದು ಕೂಗಾಡಿದೆ. ಅವನು ಜಗ್ಗಲೇ ಇಲ್ಲ. ಫೈಲು ತೆರೆದು ನನ್ನ ಮೊದಲ ವರದಿಯನ್ನು ನನ್ನೆದುರೇ ಇಟ್ಟ.

"ಬೆಲ್ಲ ಕೊಡ್ತಿರೋದು ಶ್ಲಾಘನೀಯ ಅಂತ ಬರ್ದಿರೋರು ನೀವೇ ಅಲ್ವಾ ಮೇಡಂ? ನಲ್ಲಿ ವಿಷಯ ಎಲ್ಲಿ ಬರ್ದಿದೀರ, ತೋರಿಸಿ."

ಬರೆದಿರಲಿಲ್ಲ. ಸಹಿ ನನ್ನದೇ. ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಿಕೊಳ್ಳಬೇಕಾದವಳು ನಾನೂ ಆಗಿದ್ದೆ. ಕೆಲಸ ನಿಲ್ಲಿಸದಿದ್ದರೆ ಇಲಾಖೆಗೆ ಬರೆಯುತ್ತೇನೆ ಎಂದು ಹೆದರಿಸಿದ ಮೇಲೆ ಎರಡು ವಾರ ನಿಲ್ಲಿಸಿ ನಲ್ಲಿ, ಕೋಣೆ ಎಲ್ಲ ಮಾಡಿಸಿದರು. ಭಾಗ್ಯಳಿಗೆ ಶೆಡ್ಡಿನಲ್ಲಿ ಮಣ್ಣು ಮುಟ್ಟದ ಕೆಲಸ ಕೊಡಿ ಎಂದು ಬರೆದಿದ್ದೆ. ಅವಳನ್ನು ಮನೆಗೆ ಕಳಿಸಿಬಿಟ್ಟರು. ಅವರ ಲೆಕ್ಕದಲ್ಲಿ ಅಪಾಯ ನಿವಾರಣೆ ಎಂದರೆ ಅಷ್ಟೇ.

ಭಾಗ್ಯಳನ್ನು ಕಳಿಸಿದ ದಿನ ಸಂಜೆ ಸಣ್ಣಮ್ಮ ನನ್ನ ಕಾರಿನ ಬಳಿ ಬಂದಳು.

"ಬೆಲ್ಲ ತಿಂದೇ ಇಂಗಾಯ್ತಂತಲ್ಲ ಡಾಕ್ಟ್ರಮ್ಮ. ಅಂಗಾರೆ ನಾನೇ ಕೈಯಾರ ವಿಷ ತಿನ್ನಿಸ್ಬುಟ್ನಾ?"

ಮ್ಯಾನೇಜರ್ ನಾಲ್ಕು ಹೆಜ್ಜೆ ದೂರದಲ್ಲಿದ್ದ. ಅವನೆದುರು ನನ್ನ ತಪ್ಪು ಒಪ್ಪಿಕೊಳ್ಳಲು ಮನಸ್ಸಾಗದೆ, ಚಿಂತೆ ಮಾಡಬೇಡಿ, ಎಲ್ಲ ಸರಿಹೋಗುತ್ತೆ ಎಂದು ಹೇಳಿ ಕಾರು ಹತ್ತಿದೆ.

ಭಾಗ್ಯಳ ಮಗು ಕಡಿಮೆ ತೂಕದಲ್ಲಿ ಹುಟ್ಟಿತು. ಬದುಕಿದೆ. ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಬೇಕು ಎಂದಿದ್ದಾರೆ ಮಕ್ಕಳ ವೈದ್ಯರು. ಇದು ಸೀಸದಿಂದಲೇ ಆದದ್ದು ಎಂದು ಯಾರೂ ಬರೆದುಕೊಡುವುದಿಲ್ಲ. ಅಲ್ಲವೆಂದು ನಾನಂತೂ ಬರೆದುಕೊಡಲಾರೆ. ಗುತ್ತಿಗೆದಾರರು ಇಂಥ ಸಂದಿಯಲ್ಲೇ ನುಸುಳಿಕೊಳ್ಳುತ್ತಾರೆ.

ಮಗುವಿಗೆ ಮೂರು ತಿಂಗಳಾದಾಗ ನೋಡಲು ಹೋದೆ. ಪಕ್ಕದ ಮನೆಯೇ ಸಣ್ಣಮ್ಮನದು. ಜಗಲಿಯ ಮೇಲೆ ಕೂತಿದ್ದಳು, ಅರ್ಧಕ್ಕೆ ಇಳಿದುಹೋಗಿದ್ದಳು. ಹುಟ್ಟಿದಾಗಿನಿಂದ ಆ ಮಗುವನ್ನು ಅವಳು ಒಮ್ಮೆಯೂ ಎತ್ತಿಕೊಂಡಿಲ್ಲ ಎಂದು ಭಾಗ್ಯ ಹೇಳಿದ್ದಳು. ಪಕ್ಕದಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದೆ: ವಿಷ ಬೆಲ್ಲದಲ್ಲಿ ಇರಲಿಲ್ಲ, ತೊಳೆಯದ ಕೈಯಲ್ಲಿತ್ತು, ನಲ್ಲಿ ಹಾಕಿಸದೆ ಇದ್ದದ್ದು ಅವರ ತಪ್ಪು, ಹಾಕಿಸಿ ಎಂದು ಬರೆಯದೆ ಇದ್ದದ್ದು ನನ್ನ ತಪ್ಪು, ನಿಮ್ಮದು ಏನೂ ಇಲ್ಲ.

ಸಣ್ಣಮ್ಮ ನನ್ನ ಕಡೆ ತಿರುಗಿದಳು.

"ಇದ್ನ ಅವತ್ತೇ ಹೇಳ್ಬುಡ್ಬೇಕಿತ್ತು ಕಣವ್ವ," ಅಂದಳು. "ಏಳು ತಿಂಗ್ಳಾಯ್ತು, ನಾನು ನಿದ್ದೆ ಮಾಡಿಲ್ಲ."

ಇಪ್ಪತ್ತಾರು ವರ್ಷದ ನೌಕರಿ ಕಲಿಸದ ಪಾಠವನ್ನು ಅವಳು ಅಷ್ಟೇ ಮಾತಿನಲ್ಲಿ ಕಲಿಸಿ, ಎದ್ದು ಮಗು ನೋಡಲು ಪಕ್ಕದ ಮನೆಗೆ ಹೋದಳು.