ಬಾಗಿಲು ಹಾಕಿ ಕುಟ್ಟಿದ ಬಿಳಿಕಲ್ಲು

ಬಾಳಾ, ಚಿನ್ನವ್ವಾ,

ಹೋದ ವಾರ ನೀವಿಬ್ಬರೂ ನನ್ನ ಹಾಸಿಗೆಯ ಮೇಲೆ ಕೂತು ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದಿರಿ. ಒಬ್ಬರು ಖನಿಜದ ಹೆಸರು ಹೇಳುವುದು, ಇನ್ನೊಬ್ಬರು ಅದರ ಉಪಯೋಗ ಹೇಳುವುದು. ಮ್ಯಾಂಗನೀಸ್ ಅಂದರೆ ಉಕ್ಕು, ಬಾಕ್ಸೈಟ್ ಅಂದರೆ ಅಲ್ಯುಮಿನಿಯಂ. ಬೆಣಚುಕಲ್ಲು ಬಂದಾಗ ಬಾಳ ತಡವರಿಸಿದ. "ಆಯಿ, ನಿನಗ ಗೊತ್ತೈತೇನ?" ಎಂದು ಕೇಳಿದ. ನಾನು ಗೊತ್ತಿಲ್ಲ ಅಂದೆ. ಅದು ಸುಳ್ಳು. ಎದುರಿಗೆ ಕೂತು ಮಾತಾಡುವ ಧೈರ್ಯ ನನಗೆ ಮೊದಲಿನಿಂದಲೂ ಕಡಿಮೆ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ನಾಲ್ಕನೆಯ ಇಯತ್ತೆಯ ತನಕ ಓದಿದವಳು. ಮಸಗುಪ್ಪಿಯ ಬಾಜೂ ಇರುವ ನನ್ನ ತವರೂರಿನ ಸಾಲಿಯಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಆ ಸಾಲಿಯ ಗೋಡೆಗೆ ಒಂದು ಹೊಸ ನಕಾಶೆ ಬಂತು. ನಮ್ಮ ದೇಶದ ನೆಲದಲ್ಲಿ ಎಲ್ಲೆಲ್ಲಿ ಏನೇನು ಸಿಗುತ್ತದೆ ಎಂದು ಅದರಲ್ಲಿ ಬಣ್ಣದ ಚುಕ್ಕೆ ಇಟ್ಟಿದ್ದರು. ಬಿಹಾರದಲ್ಲಿ ಕಲ್ಲಿದ್ದಲು ಮತ್ತು ಅಭ್ರಕ, ಕೋಲಾರದಲ್ಲಿ ಬಂಗಾರ, ಬಳ್ಳಾರಿ ಕಡೆ ಕಬ್ಬಿಣ. ಗುರುಗಳು ಬೆತ್ತದ ತುದಿ ಇಟ್ಟು ತೋರಿಸುತ್ತಿದ್ದರು, ನಾವು ಕೂಗುತ್ತಿದ್ದೆವು. ಗೋಕಾಕ, ಹುಕ್ಕೇರಿ ಇರಬೇಕಾದ ಜಾಗದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ನಮ್ಮ ಕಡೆ ಏನೂ ಸಿಗುವುದಿಲ್ಲವೇ ಎಂದು ಕೇಳಬೇಕೆಂದು ಎಷ್ಟೋ ದಿನ ಅಂದುಕೊಂಡೆ. ಹುಡುಗಿಯರು ಹಿಂದೆ ಕೂಡುತ್ತಿದ್ದೆವು. ಕೇಳದೆಯೇ ಸಾಲಿ ಬಿಟ್ಟೆ.

ಮದುವೆಯಾಗಿ ಹುಕ್ಕೇರಿ ತಾಲೂಕಿನ ಈ ಊರಿಗೆ ಬಂದೆ. ಊರ ಹಿಂದಿನ ಗುಡ್ಡದಲ್ಲಿ ಬಿಳಿಕಲ್ಲು ಬಿದ್ದಿರುತ್ತಿತ್ತು, ನಿಮ್ಮ ಪುಸ್ತಕದ ಬೆಣಚುಕಲ್ಲು ಅದೇ. ಎರಡು ತುಂಡು ತಿಕ್ಕಿದರೆ ಕಿಡಿ ಬರುತ್ತಿತ್ತು, ಅದಕ್ಕಿಂತ ಹೆಚ್ಚಿನ ಬೆಲೆ ಅದಕ್ಕೆ ಯಾರೂ ಕೊಟ್ಟಿರಲಿಲ್ಲ. ನಿಮ್ಮ ಅಪ್ಪ ಹುಟ್ಟಿ ಮೂರು ತಿಂಗಳಾಗಿದ್ದಾಗ ಒಬ್ಬ ವ್ಯಾಪಾರಿ ಲಾರಿ ತಂದ. ಈ ಕಲ್ಲನ್ನು ಕುಟ್ಟಿ ಹಿಟ್ಟು ಮಾಡಿ ಕೊಟ್ಟರೆ ಒಯ್ಯುತ್ತೇನೆ ಅಂದ. ಗೋಕಾಕ ರೋಡ್ ಸ್ಟೇಶನ್ನಿನಿಂದ ರೈಲಿಗೆ ಹಾಕಿ ಎಲ್ಲಿಗೋ ಕಳಿಸುತ್ತಿದ್ದ. ದಪ್ಪ ಹಿಟ್ಟು ಗಾಜಿಗೆ, ಸಣ್ಣ ಹಿಟ್ಟು ಪಿಂಗಾಣಿ ಸಾಮಾನಿಗೆ.

ನಮ್ಮ ಓಣಿಯ ಆರು ಮನೆಯವರು ಆ ಕೆಲಸ ಹಿಡಿದರು. ನಿಮ್ಮ ಮುತ್ಯಾ, ನನ್ನ ಯಜಮಾನರು, ಮೊದಲಿಗರು. ಕಲ್ಲನ್ನು ಕುಳ್ಳಿನ ಬೆಂಕಿಯಲ್ಲಿ ಕಾಯಿಸಿ ನೀರಿಗೆ ಹಾಕಿದರೆ ಬಿರಿಯುತ್ತಿತ್ತು. ಅದನ್ನು ಒಣಗಿಸಿ, ಒಳಕಲ್ಲಿಗೆ ಹಾಕಿ, ಕಬ್ಬಿಣದ ಕಟ್ಟು ಹಾಕಿದ ಒನಕೆಯಿಂದ ಕುಟ್ಟುವುದು. ಆಮೇಲೆ ಧೋತರದ ಬಟ್ಟೆ ಬಿಗಿದ ಸಾಣಿಗೆಯಲ್ಲಿ ಸೋಸುವುದು. ನಾನು ಬಾಣಂತಿ ಎಂದು ಅತ್ತೆ ನನ್ನನ್ನು ಹತ್ತಿರ ಬಿಡಲಿಲ್ಲ. ಚೀಲ ಹೊಲಿದು ಅದರ ಮೇಲೆ ಮಸಿಯಿಂದ ಊರ ಹೆಸರು ಬರೆಯುವುದು ನನ್ನ ಕೆಲಸವಾಯಿತು. ಹೆಸರು ಬರೆಯುವಾಗ ಆ ನಕಾಶೆ ನೆನಪಾಗುತ್ತಿತ್ತು. ನಮ್ಮೂರಿಗೂ ಒಂದು ಚುಕ್ಕೆ ಬಿತ್ತು ಅಂದುಕೊಳ್ಳುತ್ತಿದ್ದೆ. ಯಾರಿಗೂ ಹೇಳಲಿಲ್ಲ, ಆದರೆ ಬಹಳ ಹೆಮ್ಮೆ ಇತ್ತು.

ಎರಡನೆಯ ಸಲ ಬಂದ ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಮಾರಿ ಸೊಟ್ಟ ಮಾಡಿದ.

"ಹಿಟ್ಟ ಉರುಟ ಐತಿ. ಮಾರಿಗೆ ಹಚ್ಚು ಪೌಡರ್ ಇರತೈತೆಲ್ಲಾ, ಹಂಗ ಬೇಕು."

"ಯಾರ ಮಾರಿಗೆ ಹಚ್ಚಾಂವ ಇದ್ದೀ?" ಅತ್ತೆ ಕಟ್ಟೆಯ ಮೇಲಿನಿಂದ ಕೇಳಿದರು. "ನಿನ್ನ ಹೇಣ್ತಿ ಮಾರಿಗೇನ?"

"ಚಾದ ಕಪ್ಪ ಮಾಡತಾರ ಬೇ ಇದರಾಗ."

"ಹಂಗಾರ ಸಾಹೇಬ್ರು ನಮ್ಮ ಗುಡ್ಡಾ ನೆಕ್ಕಿ ಚಾ ಕುಡಿತಾರನ್ನು."

ಎಲ್ಲರೂ ನಕ್ಕರು. ಆದರೆ ಅವನು ನಮ್ಮ ಚೀಲಗಳನ್ನು ಬಿಟ್ಟೇ ಹೋದ. ನಿಮ್ಮ ಮುತ್ಯಾ ಅಂದು ಸಂಜೆ ಊಟಕ್ಕೆ ಕೂತರೂ ತುತ್ತು ಎತ್ತಲಿಲ್ಲ. ಪಡಸಾಲೆಯ ಒಳಕಲ್ಲಿನ ಕಡೆ ನೋಡುತ್ತಾ, "ಎಷ್ಟ ಸಣ್ಣ ಕುಟ್ಟಿದ್ರೂ ಸಣ್ಣಂದು ನಿಲ್ಲಾಂಗಿಲ್ಲ, ಗಾಳಿಗೆ ಹಾರಿ ಹೋಗತೈತಿ," ಅಂದರು.

ನಮ್ಮ ತವರಿನಲ್ಲಿ ಶಾವಿಗೆಗೆ ಗೋಧಿಹಿಟ್ಟು ಸೋಸುವಾಗ ಬಾಗಿಲು, ಕಿಟಕಿ ಎಲ್ಲ ಹಾಕುತ್ತಿದ್ದರು. ಗಾಳಿ ಆಡಿದರೆ ಹೂವಿನಂಥ ಸಣ್ಣ ಹಿಟ್ಟು ಮೊದಲು ಹೋಗುತ್ತದೆ. ಬಾಗಿಲು ಹಾಕಿದರೆ ಅದು ನಿಧಾನಕ್ಕೆ ಕೆಳಗೆ ಕೂಡುತ್ತದೆ, ಹಾಸಿದ ಬಟ್ಟೆಯನ್ನು ಝಾಡಿಸಿ ತುಂಬಿಕೊಳ್ಳುವುದು. ನನ್ನ ಅವ್ವ ಹಾಗೆ ಮಾಡುತ್ತಿದ್ದಳು, ಅವಳ ಅವ್ವನೂ ಮಾಡುತ್ತಿದ್ದಳು. ಗಂಡನ ಮನೆಗೆ ಬಂದು ಎರಡು ವರ್ಷದಲ್ಲಿ ನಾನಾಗಿ ಬಾಯಿಬಿಟ್ಟು ಒಂದು ಸಲಹೆ ಹೇಳಿದ್ದು ಅದೇ ಮೊದಲು.

"ಬಾಗಲಾ ಹಾಕ್ಕೊಂಡ ಕುಟ್ರಿ. ಶಾವಿಗಿ ಹಿಟ್ಟಿನ ಹಂಗ."

ಮುತ್ಯಾ ನನ್ನನ್ನು ನೋಡಿದರು. "ಸಾಲಿ ಕಲ್ತಾಕಿ ಅಂದ್ರ ಸುಮ್ಮನ ಅಲ್ಲ," ಅಂದರು. ಆ ಮಾತಿಗೆ ನನಗೆ ಎಷ್ಟು ದಿನ ಸಂತೋಷವಿತ್ತೋ.

ಮರುದಿನದಿಂದ ಪಡಸಾಲೆಯ ಬಾಗಿಲು ಹಾಕಿದರು, ಬೆಳಕಿಂಡಿಗೆ ಗೋಣಿ ತುರುಕಿದರು. ಒಳಗೆ ಹಿಟ್ಟು ಮಂಜಿನ ಹಾಗೆ ನಿಲ್ಲುತ್ತಿತ್ತು. ಸಂಜೆ ಬಾಗಿಲು ತೆರೆದು ಹೊರಗೆ ಬಂದರೆ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೆಳ್ಳಗೆ. ನಿಮ್ಮ ಅಪ್ಪ ಹೆದರಿ ಅಳುತ್ತಿದ್ದ, ಅತ್ತೆ ಎತ್ತಿಕೊಂಡು ಆಚೆ ಹೋಗುತ್ತಿದ್ದರು. ವ್ಯಾಪಾರಿ ನಮ್ಮ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, ಹೀಗೇ ಇರಲಿ ಅಂದ. ಹೊಳೆಗೆ ಹೋದಾಗ ಹೆಂಗಸರು ನನ್ನನ್ನು ಕೇಳಿದರು, ನಾನು ಹೇಳಿದೆ. ವಾರ ತುಂಬುವುದರೊಳಗೆ ಓಣಿಯ ಆರೂ ಮನೆಯ ಬಾಗಿಲು ಹಗಲೆಲ್ಲ ಮುಚ್ಚಿರುತ್ತಿದ್ದವು. ಒಳಗಿನಿಂದ ಒನಕೆಯ ಸದ್ದು ಮಾತ್ರ.

ನಾಲ್ಕು ವರ್ಷ ಹಾಗೆಯೇ ನಡೆಯಿತು. ಅಷ್ಟರಲ್ಲಿ ಸಂಕೇಶ್ವರದಲ್ಲಿ ಸಕ್ಕರೆ ಕಾರ್ಖಾನೆ ಆಯಿತು. ಕಬ್ಬಿನ ಹಾಲು ತಿಳಿಯಾಗಲು ಸುಣ್ಣ ಮತ್ತು ಗಂಧಕ ಹಾಕುತ್ತಾರಂತೆ ಎಂದು ಮುತ್ಯಾ ನನಗೆ ತಿಳಿದುಕೊಂಡು ಬಂದು ಹೇಳಿದ್ದರು. ಇಂಥವು ನನಗೆ ಇಷ್ಟ ಎಂದು ಅವರಿಗೆ ಗೊತ್ತಿತ್ತು. ಹೇಳುವಾಗ ನಡುವೆ ಮೂರು ಸಲ ಕೆಮ್ಮಿದರು.

ಕೆಮ್ಮು ಹೋಗಲೇ ಇಲ್ಲ. ಆಮೇಲೆ ಗುಡ್ಡ ಹತ್ತಲು ಆಗದಾಯಿತು, ಆಮೇಲೆ ಕಟ್ಟೆ ಹತ್ತಲು. ಊರಲ್ಲಿ ಕ್ಷಯ ಅಂದರು. ಅತ್ತೆ ಮಗನ ತಾಟು, ತಂಬಿಗೆ ಬೇರೆ ಇಟ್ಟರು, ಇಟ್ಟು ಹಿತ್ತಲಿಗೆ ಹೋಗಿ ಅತ್ತರು. ಕ್ಷಯದ ಔಷಧ ವರ್ಷಗಟ್ಟಲೆ ಕೊಟ್ಟರೂ ಗುಣ ಬೀಳಲಿಲ್ಲ. ಕಡೆಗೆ ಬೆಳಗಾವಿಯ ದೊಡ್ಡ ದವಾಖಾನೆಗೆ ಕರೆದೊಯ್ದೆವು. ಅಲ್ಲಿ ಎದೆಯ ಫೋಟೋ ತೆಗೆದರು. ವಯಸ್ಸಾದ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಏನ ಕೆಲಸ ಮಾಡ್ತೀಯಪಾ?"

"ಬಿಳಿಕಲ್ಲ ಕುಟ್ತೇನ್ರಿ. ಹಿಟ್ಟ ಮಾಡೂದ್ರಿ."

"ಬಯಲಾಗೋ, ಮನ್ಯಾಗೋ?"

"ಮನ್ಯಾಗ್ರಿ."

"ಬಾಗಲಾ ತಗದಿರತೈತೇನ?"

ಮುತ್ಯಾ ನನ್ನ ಕಡೆ ನೋಡಲಿಲ್ಲ.

"ಇಲ್ರಿ, ಹಾಕಿರತೈತಿ. ನಾನ ಹಾಕ್ಕೋತಿದ್ನಿರಿ. ಯಾರೂ ಹೇಳಿಲ್ರಿ."

ಡಾಕ್ಟರು ಫೋಟೋ ಕೆಳಗಿಟ್ಟರು. ಆ ಹಿಟ್ಟು ಎದೆಯೊಳಗೆ ಹೋಗಿ ಕೂತಿದೆ, ಅದು ಕರಗುವುದಿಲ್ಲ, ಹೊರಗೆ ಬರುವುದೂ ಇಲ್ಲ, ಇದಕ್ಕೆ ಔಷಧವಿಲ್ಲ ಅಂದರು. ಇನ್ನೂ ಕುಟ್ಟುತ್ತಿರುವವರು ಇದ್ದರೆ ನಿಲ್ಲಿಸಲು ಹೇಳಿ, ನಿಲ್ಲಿಸಲಾಗದಿದ್ದರೆ ಬಯಲಿಗೆ ಬಂದು ಒದ್ದೆ ಮಾಡಿ ಕುಟ್ಟಲು ಹೇಳಿ ಅಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಮುತ್ಯಾ ಒಂದೇ ಮಾತು ಆಡಿದರು. "ಓಣ್ಯಾಗ ಹೇಳು. ನನಗ ಅಡ್ಯಾಡಾಕ ಆಗೂದಿಲ್ಲ, ನೀನ ಹೋಗು."

ಮರುದಿನ ಹೊರಟೆ. ಮೊದಲಿನ ಮನೆಯಲ್ಲಿ ಹೇಳಿದೆ, ಅವರು ಆಗಲೇ ಬಾಗಿಲು ತೆರೆದರು. ಎರಡನೆಯ ಮನೆಯ ಗಂಡಸು ಅಷ್ಟರಲ್ಲೇ ಕೆಮ್ಮು ಹಿಡಿದು ಹಾಸಿಗೆಯಲ್ಲಿದ್ದ. ಅವನ ಅವ್ವ ನನ್ನ ಮಾತು ಪೂರ್ತಿ ಕೇಳಿದಳು. "ಬಾಗಲಾ ಹಾಕ್ರಿ ಅಂತ ಹೊಳಿ ದಂಡಿ ಮ್ಯಾಲ ಹೇಳಿದಾಕಿ ನೀನ ಅಲ್ಲೇನ?" ಅಂದಳು. ಸಿಟ್ಟಿನಿಂದ ಅಲ್ಲ, ನೆನಪು ಮಾಡಿಕೊಳ್ಳುವವರ ಹಾಗೆ ಅಂದಳು. ನಾನು ಹೌದು ಅಂದೆ.

ಮೂರನೆಯ ಮನೆಯ ಬಾಗಿಲು ಬಡಿದೆ. ಆ ಮನೆಯ ಸೊಸೆ ನನ್ನ ಓರಗೆಯವಳು, ಅರ್ಧ ಬಾಗಿಲು ತೆರೆದು ಹೊರಗೆ ಬಂದಳು. ಕೈ ಮೊಣಕೈವರೆಗೆ ಬೆಳ್ಳಗಿತ್ತು. ಗಂಡ ಹೆಂಡತಿ ಇಬ್ಬರೂ ಕೂಡಿ ಕುಟ್ಟುವ ಮನೆ ಅದೊಂದೇ.

"ಏನ ಬೇಕಾಗಿತ್ತ ಅಕ್ಕಾ? ಸಾಣಿಗೀನ?"

ಹೌದು, ಸಾಣಿಗೆ, ಅಂದುಬಿಟ್ಟೆ. ಅವಳು ಒಳಗೆ ಹೋಗಿ ತಂದು ಕೊಟ್ಟು ಮತ್ತೆ ಬಾಗಿಲು ಹಾಕಿಕೊಂಡಳು. ನಾನು ಅದನ್ನು ಹಿಡಿದು ಮನೆಗೆ ಬಂದೆ. ನಾಳೆ ತಿರುಗಿ ಕೊಡಲು ಹೋದಾಗ ಹೇಳಿದರಾಯಿತು ಅಂದುಕೊಂಡೆ. ಎಲ್ಲರಿಗೂ ಹೇಳಿದೆಯಾ ಎಂದು ಮುತ್ಯಾ ಕೇಳಿದರು. ಹೇಳಿದೆ ಅಂದೆ.

ಮರುದಿನ ಮುತ್ಯಾನ ಉಸಿರು ಕೆಟ್ಟಿತು. ಹನ್ನೊಂದು ದಿನಕ್ಕೆ ತೀರಿಹೋದರು. ಆಮೇಲೆ ನಾನು ತಿಂಗಳುಗಟ್ಟಲೆ ಹೊಸ್ತಿಲು ದಾಟಲಿಲ್ಲ. ವಿಧವೆ ದಾಟಬಾರದು ಎಂಬುದು ನನಗೆ ಒಳ್ಳೆಯ ನೆಪವಾಯಿತು. ನಾನು ಎಲ್ಲರಿಗೂ ಹೇಳಿರುತ್ತೇನೆ ಎಂದು ಮೊದಲಿನ ಎರಡು ಮನೆಯವರು ತಿಳಿದಿದ್ದರು, ಕಡೆಯ ಮೂರು ಮನೆಗಳಿಗೆ ಸುದ್ದಿ ತಾನಾಗಿ ಮುಟ್ಟಿದ್ದು ಮುಂದಿನ ಸುಗ್ಗಿಗೆ. ಮೂರನೆಯ ಮನೆಯ ಆ ಗಂಡ ಹೆಂಡತಿ ಎರಡು ವರ್ಷದ ಅಂತರದಲ್ಲಿ ಹೋದರು. ಅವರ ಮಗಳನ್ನು ಮೂಡಲಗಿ ಕಡೆಯ ಸೋದರಮಾವ ಕರೆದೊಯ್ದ. ಆ ಏಳೆಂಟು ತಿಂಗಳು ಅವರು ಬಾಗಿಲು ತೆರೆದು ಕುಟ್ಟಿದ್ದರೆ ಉಳಿಯುತ್ತಿದ್ದರೋ ಏನೋ ನನಗೆ ಗೊತ್ತಿಲ್ಲ. ಕೇಳಲು ಆ ಡಾಕ್ಟರೂ ಈಗ ಇಲ್ಲ.

ಬಾಳಾ, ಬೆಣಚುಕಲ್ಲಿನ ಉಪಯೋಗ ಗಾಜು ಮತ್ತು ಪಿಂಗಾಣಿ. ಪರೀಕ್ಷೆಯಲ್ಲಿ ಅಷ್ಟು ಬರೆದರೆ ಸಾಕು.

ಆ ಸಾಣಿಗೆ ನನ್ನ ಟ್ರಂಕಿನ ತಳದಲ್ಲಿದೆ. ಬಟ್ಟೆ ಹರಿದಿದೆ, ಸುತ್ತಿನ ಬಳೆ ಗಟ್ಟಿ ಇದೆ. ಈ ಹಾಳೆಗಳನ್ನು ಅದರೊಳಗೇ ಇಡುತ್ತೇನೆ. ನಾನು ಹೋದ ಮೇಲೆ ಟ್ರಂಕನ್ನು ಯಾರಿಗಾದರೂ ಕೊಡಿ, ಇವೆರಡನ್ನು ಕೊಡಬೇಡಿ. ಇಲಿ, ಗೆದ್ದಲು ಮುಟ್ಟದ ಹಾಗೆ ಜೋಪಾನ ಮಾಡಿ. ಮೂರನೆಯ ಮನೆಯ ಆ ಮಗಳಾಗಲಿ ಅವಳ ಮಕ್ಕಳಾಗಲಿ ಎಂದಾದರೂ ಈ ಊರಿಗೆ ಬಂದರೆ, ಸಾಣಿಗೆಯನ್ನು ಅವರ ಕೈಗೆ ಕೊಟ್ಟು, ಕೂರಿಸಿ, ಇದನ್ನು ಓದಿ ಹೇಳಿ. ಅಲ್ಲಿಯವರೆಗೆ ಹಾಳೆ ನಿಮ್ಮ ಹತ್ತಿರ ಇರಲಿ.