ರುದೈನಾಳ ಕೈ, ಅಕ್ಕನ ಬಾಯಿ

ಅಮ್ಮಾನ್ ಬಳಿಯ ಸಾಲ್ಟ್ ಪಟ್ಟಣದ ಮೆಟ್ಟಿಲು ಬೀದಿಗಳಲ್ಲಿ ರುದೈನಾಳಿಗೆ ಇದ್ದದ್ದು ಒಂದೇ ಹೆಸರು: ಕಿವುಡಿ. ಊರಿನ ಅರ್ಧ ಮಕ್ಕಳ ಸ್ಕೂಲ್ ಯೂನಿಫಾರಂ ಅವಳು ಹೊಲಿದದ್ದೇ. ಆದರೂ ಅವಳನ್ನು ದರ್ಜಿ ಎಂದು ಕರೆಯಲು ಯಾರಿಗೂ ನಾಲಿಗೆ ಹೊರಳಲಿಲ್ಲ. ಕಿವುಡರ ನಡುವೆ ಮಾತ್ರ ಅವಳಿಗೆ ಬೇರೆ ಹೆಸರಿತ್ತು. ಹುಬ್ಬಿನ ಮೇಲೆ ಬೆರಳಿನಿಂದ ಒಂದು ಗೀರು ಎಳೆದರೆ, ಗಾಯದ ಗುರುತಿನ ರುದೈನಾ.

ಮೂವತ್ತೊಂದನೇ ವಯಸ್ಸಿಗೆ ತುಂಬು ಬಸುರಿಯಾಗಿ ಸರ್ಕಾರಿ ಆಸ್ಪತ್ರೆ ಸೇರಿದಳು. ಮನೆಯವರನ್ನು ಯಾರನ್ನೂ ವಾರ್ಡಿನೊಳಗೆ ಬಿಡಲಿಲ್ಲ. ಬೆಳಗಿನಿಂದ ಮಗು ಅಲುಗುತ್ತಿಲ್ಲವೆಂದು ನರ್ಸುಗಳಿಗೆ ಸನ್ನೆಯಲ್ಲಿ ಹೇಳಿದಳು, ಹೊಟ್ಟೆ ತಟ್ಟಿ ಹೇಳಿದಳು, ಅವರ ತೋಳು ಹಿಡಿದೆಳೆದು ಹೇಳಿದಳು. ಬರೆದು ತೋರಿಸಲು ಕಾಗದ ಕೇಳಿದರೆ ನೀರು ತಂದುಕೊಟ್ಟರು. ಕೆನ್ನೆ ಸವರಿ ನಕ್ಕು ಹೋದರು. ಸಂಜೆ ಸತ್ತ ಗಂಡುಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಗಂಡನ ಕೈಗಿಟ್ಟರು.

ಅತ್ತು ಸುಮ್ಮನಾಗುವ ಹೆಂಗಸಲ್ಲ ಅವಳು. ನಾಲ್ವರು ಕಿವುಡ ಹೆಂಗಸರನ್ನು ಕಟ್ಟಿಕೊಂಡು ಆ ಒಂದು ದಿನವನ್ನೇ ಮಾತಿಲ್ಲದ ನಾಟಕ ಮಾಡಿದಳು. ಇರ್ಬಿದ್, ಮಾದಬಾ, ಅಮ್ಮಾನ್ ಎಂದು ಆರು ವರ್ಷ ಊರೂರು ಸುತ್ತಿದರು. ಬೇಡಿಕೆ ಒಂದೇ. ಹೆರಿಗೆ ವಾರ್ಡಿನಲ್ಲಿ ಸನ್ನೆಭಾಷೆ ಬಲ್ಲವರು ಒಬ್ಬರು ಇರಬೇಕು.

ಕೊನೆಗೆ ಸಾಲ್ಟಿನಲ್ಲೇ ನಾಟಕವಾಯಿತು. ಅದೇ ಆಸ್ಪತ್ರೆಯ ಮುಖ್ಯಸ್ಥರು ಮುಂದಿನ ಸಾಲಿನಲ್ಲಿ ಬಂದು ಕುಳಿತರು. ಆಟ ಮುಗಿದ ಮೇಲೆ ರುದೈನಾ ಮಾತಿಗೆ ನಿಂತಳು. ಪಕ್ಕದಲ್ಲಿ ಮೈಕು ಹಿಡಿದವಳು ಅಕ್ಕ ಇಬ್ತಿಹಾಲ್. ಅವಳಿಗೆ ಕಿವಿ ಕೇಳುತ್ತದೆ. ಹುಡುಗಿಯಾಗಿದ್ದಾಗಿನಿಂದ ತಂಗಿಗೆ ಬಾಯಿ ಅವಳೇ.

"ನನ್ ಮಗ ನಿಮ್ ಕಣ್ಣೆದುರೇ ಸತ್ತ," ಎಂದವು ರುದೈನಾಳ ಕೈಗಳು. "ನಾನು ಹೇಳ್ದೆ, ನೀವು ನಕ್ರಿ. ಇನ್ನೊಬ್ಬಳಿಗೆ ಹೀಗಾದ್ರೆ ನಾನು ಸುಮ್ನಿರಲ್ಲ."

ಮುಖ್ಯಸ್ಥರು ಎದ್ದು ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿದರು. ಆರು ವರ್ಷಕ್ಕೆ ಒಬ್ಬ ದೊಡ್ಡ ಮನುಷ್ಯ ತಪ್ಪೊಪ್ಪಿಕೊಂಡ ಎಂದುಕೊಂಡಳು ರುದೈನಾ. ಮಾರನೆಯ ದಿನ ಗುಂಪಿಗೆಲ್ಲ ಕುನಾಫಾ ಸಿಹಿ ಹಂಚಿದಳು, ಪಾಪ.

ಅದರ ಮಾರನೆಯ ದಿನ ಪತ್ರಿಕೆಯಲ್ಲಿ ಅವಳ ಚಿತ್ರ ಬಂತು. ಕೆಳಗೆ ಅವಳದೇ ಮಾತಂತೆ: "ನನ್ನ ಜೀವ ಉಳಿಸಿದ ಆಸ್ಪತ್ರೆಗೆ ನಾನು ಸದಾ ಋಣಿ."

ರುದೈನಾ ಪತ್ರಿಕೆ ಹಿಡಿದು ಅಕ್ಕನ ಮನೆಗೆ ಓಡಿದಳು.

"ಏನಕ್ಕಾ ಇದು? ನಾನ್ ಯಾವಾಗ ಹೀಗಂದೆ?"

ಇಬ್ತಿಹಾಲ್ ದ್ರಾಕ್ಷಿ ಎಲೆಗೆ ಅಕ್ಕಿ ತುಂಬಿ ಸುತ್ತುತ್ತಿದ್ದಳು. ಕೈಗೆ ಕೆಲಸವಿದ್ದರೆ ತಂಗಿಯೊಡನೆ ಮಾತಾಡುವಂತಿಲ್ಲ. ಇನ್ನೂ ನಾಲ್ಕು ಎಲೆ ಸುತ್ತಿ, ಆಮೇಲೆ ಕೈ ಒರೆಸಿಕೊಂಡಳು.

"ನೀನಂದಿದ್ದನ್ನ ಹಾಗೇ ಅಂದಿದ್ರೆ ಆ ಯಪ್ಪ ಎದ್ದು ಹೋಗ್ತಿದ್ದ. ಸ್ವಲ್ಪ ಸಕ್ಕರೆ ಹಾಕ್ದೆ. ಈಗ ನೋಡು, ಹೆರಿಗೆ ವಾರ್ಡಲ್ಲಿ ಸನ್ನೆಭಾಷೆಯವರಿಗೆ ಹುದ್ದೆ ಕೊಡ್ತಾರಂತೆ."

"ಯಾರಿಗೆ?"

"ನಂಗೇ. ನಿಮ್ ಮಾತನ್ನ ಸರಿಯಾಗಿ ತಲುಪಿಸ್ತೀನಿ ಅಂತ ನಿಮ್ ಗುಂಪಿಂದ ಒಂದು ಪತ್ರ ಬೇಕಂತೆ, ನಿನ್ ಸಹಿ ಹಾಕಿ."

"ಚಿಕ್ಕಂದಿನಿಂದ ಎಷ್ಟು ಸಲ ಹಾಕಿದೀಯಾ ಈ ಸಕ್ಕರೆ?"

ಇಬ್ತಿಹಾಲ್ ಮತ್ತೊಂದು ಎಲೆ ಕೈಗೆತ್ತಿಕೊಂಡಳು.

ಮನೆಗೆ ಬಂದ ರುದೈನಾ ಹೊಲಿಗೆ ಮುಟ್ಟಲಿಲ್ಲ. ಮದುವೆಯ ಮಾತುಕತೆಯಲ್ಲಿ, ಬಾಡಿಗೆಯ ಜಗಳದಲ್ಲಿ, ಅಪ್ಪ ಸಾಯುವಾಗ ತಾನು ಆಡಿದ್ದರಲ್ಲಿ ಎಷ್ಟು ತಲುಪಿತ್ತೋ, ಎಷ್ಟು ಅಕ್ಕನದೇ ಆಗಿತ್ತೋ. ಮೂವತ್ತೇಳು ವರ್ಷ ತಾನು ಯಾರೊಡನೆಯೂ ಮಾತಾಡಿರಲೇ ಇಲ್ಲವೇನೋ ಎನಿಸಿತು. ಸಹಿ ಹಾಕುವುದಿಲ್ಲವೆಂದು ಗಟ್ಟಿ ಮಾಡಿಕೊಂಡಳು.

ಗುರುವಾರ ಗುಂಪು ಸೇರಿದಾಗ ಎಲ್ಲವನ್ನೂ ಹೇಳಿದಳು. ಎಂಟು ತಿಂಗಳ ಬಸುರಿ ವಿಜ್ದಾನಳ ಕೈಗಳು ಮೊದಲು ಸಿಡಿದವು.

"ಅಕ್ಕ ತಂಗಿ ಜಗಳ ನಿಮ್ಮನೇಲಿಟ್ಕೋ ರುದೈನಕ್ಕ. ನಂಗೆ ಮುಂದಿನ ತಿಂಗಳು ಹೆರಿಗೆ."

"ನೀನ್ ಹೇಳಿದ್ದನ್ನ ಅವಳು ಹೇಳಲ್ಲ ಕಣೇ!"

"ಸುಳ್ಳೇ ಹೇಳ್ಲಿ! ಮಗು ಅಲುಗ್ತಿಲ್ಲ ಅನ್ನೋದೊಂದು ಹೇಳ್ದೇ ಇರ್ತಾಳಾ? ನಿಂಗೆ ಆ ಸುಳ್ಳುಗಾತಿನೂ ಸಿಗ್ಲಿಲ್ಲ. ಸಿಕ್ಕಿದ್ರೆ ನಿನ್ ಮಗ ಈಗ ಸ್ಕೂಲಿಗೆ ಹೋಗ್ತಿದ್ದ."

ಅಂಥ ಮಾತನ್ನು ಹಗೆಯವರೂ ಆಡುವುದಿಲ್ಲ. ಆದರೆ ಉಳಿದ ಮೂವರಲ್ಲಿ ಒಬ್ಬಳೂ ವಿಜ್ದಾನಳನ್ನು ತಡೆಯಲಿಲ್ಲ. ಎಲ್ಲರೂ ರುದೈನಾಳ ಕೈಗಳನ್ನೇ ನೋಡುತ್ತ ಕುಳಿತರು.

ರುದೈನಾ ಕಾಗದ ತೆಗೆದುಕೊಂಡಳು. ಆಸ್ಪತ್ರೆಯವರಿಗೆ ಬೇಕಾಗಿದ್ದ ಸಾಲನ್ನು ತನ್ನ ಅಕ್ಷರದಲ್ಲೇ ಬರೆದಳು: "ಇಬ್ತಿಹಾಲ್ ನಮ್ಮ ಮಾತನ್ನು ಒಂದಕ್ಷರವೂ ಬದಲಿಸದೆ ತಲುಪಿಸುತ್ತಾರೆ ಎಂದು ನಾವು ದೃಢೀಕರಿಸುತ್ತೇವೆ." ಕೆಳಗೆ ಸಹಿ ಹಾಕಿ, ಪೆನ್ನನ್ನು ವಿಜ್ದಾನಳ ಕೈಗೆ ಕೊಟ್ಟಳು.