ಅರ್ಧ ಇಟ್ಟಿಗೆಯ ನಡುಗೋಡೆ

ಮೇಸ್ತ್ರಿಯ ಲೆಕ್ಕದಲ್ಲಿ ಗೋಡೆಗಳು ಎರಡೇ ಜಾತಿ: ಹೊರುವುದು, ಮರೆಮಾಡುವುದು. ನಾಲ್ಕೂವರೆ ಇಂಚಿನದು ಕೋಣೆ ಕೋಣೆಗಳ ನಡುವೆ ಮರೆಯಾಗಿ ನಿಂತರೆ ಸಾಕು. ಒಂಬತ್ತಿಂಚಿನದು ಚಾವಣಿ ಹೊರಬೇಕು. ಅದಕ್ಕೇ ಅದರಲ್ಲಿ ಅಲ್ಲಲ್ಲಿ ಇಡೀ ಇಟ್ಟಿಗೆಯನ್ನು ಅಡ್ಡ ಇಟ್ಟು ಒಳಮೈ ಹೊರಮೈಗಳನ್ನು ಕಟ್ಟಿಹಾಕಬೇಕು. ಇದನ್ನು ಆತ ಎಷ್ಟು ಜನರ ತಲೆಗೆ ತುಂಬಿದ್ದನೋ! ತಪ್ಪಿದವರ ಸಾಲನ್ನು ಗಾರೆ ಹಸಿಯಿರುವಾಗಲೇ ಕರಣೆಯಿಂದ ಎಬ್ಬಿಸಿ ಬಿಸಾಡುತ್ತಿದ್ದ. ಹೆಂಡತಿಯ ತಮ್ಮನೂ ಹಾಗೆ ಬೈಸಿಕೊಂಡೇ ಕೆಲಸ ಕಲಿತವನು.

ಸ್ವಂತ ಮನೆ ಕಟ್ಟುವಾಗಲೇ ಮೇಸ್ತ್ರಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ. ಒಂಬತ್ತಿಂಚಿನ ನಡುಗೋಡೆ ಎಬ್ಬಿಸಿದವನು ಭಾವಮೈದ. ಅದಾಗಿ ಎಂಟು ವರ್ಷ. ಈಗ ಮಗಳ ಹೊಲಿಗೆ ಕೆಲಸಕ್ಕೆ ಮೇಲೊಂದು ಕೋಣೆ ಕಟ್ಟಬೇಕು, ಅದರ ಭಾರವೆಲ್ಲ ಆ ನಡುಗೋಡೆಗೆ.

ವೈರಿನ ಪೈಪಿಗೆಂದು ಉಳಿ ಹಿಡಿದು ಗೋಡೆ ಕೊರೆದರೆ, ಅಡ್ಡ ಇಟ್ಟಿಗೆ ಅರ್ಧವೇ ಕೈಗೆ ಬಂತು. ಪಕ್ಕದ್ದೂ ಅರ್ಧ. ಅದರ ಮೇಲಿನದೂ ಅಷ್ಟೇ. ಒಳಗೆ ಬೆರಳು ತೂರಿಸಿದ; ಬರೀ ಸಂದಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ತೆಳುಗೋಡೆಗಳು ಅಕ್ಕಪಕ್ಕ ನಿಂತಿದ್ದವು, ಅಷ್ಟೆ.

ಹೇಳಿಕಳುಹಿಸಿದ ಮೇಲೆ ಭಾವಮೈದ ಬಂದ.

"ಮನೆಯೊಳಗಿನ ಗೋಡೆ ಅಲ್ವಾ ಭಾವ, ಬರೀ ಮರೆಗೆ ಅಂದ್ಕೊಂಡೆ."

"ಹೌದಾ? ಮತ್ತೆ ಇದರ ಮೇಲೆ ತೊಲೆ ತಂದು ಕೂರಿಸಿದ್ದು ಯಾರು, ನಿಮ್ಮ ತಾತನಾ?"

ಅವನು ಅಕ್ಕನ ಮುಖ ನೋಡಿದ. ಒಳಗಿನಿಂದ ಬಂದು ನಿಂತಿದ್ದ ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಅವನನ್ನ ಬೈಬೇಡಿ. ಅಮ್ಮನ ಮನೆ ಹಿತ್ತಲ ಗೋಡೆಗೆ ಇಟ್ಟಿಗೆ ಸಾಲ್ತಿರ್ಲಿಲ್ಲ. ಇಲ್ಲಿ ಒಡೆದ ತುಂಡು ಹಾಕಿ ಇಡೀದು ಉಳಿಸಿ ಕೊಡು ಅಂತ ನಾನೇ ಅಂದೆ."

"ನನ್ನನ್ನ ಕೇಳಿದ್ರೆ ಒಂದು ಲೋಡು ಹೊಸದೇ ಇಳಿಸ್ತಿದ್ನಲ್ಲೇ!"

"ನೀವು ಆಸ್ಪತ್ರೇಲಿದ್ರಿ. ಆಮೇಲೆ ಹೇಳೋಕೆ ಭಯ ಆಯ್ತು. ಏನೂ ಆಗಲ್ಲ ಅಂದ ಇವನು. ನಂಬಿದೆ."

ಭಾವಮೈದನ ಮೋಸವಾದರೆ ಜಾಡಿಸಿ ಬೈದು ತೀರಿಸಿಕೊಳ್ಳಬಹುದು. ಇವಳದನ್ನು ಏನು ಮಾಡುವುದು? ನಂಬಿದೆ ಎನ್ನುತ್ತಾಳೆ. ನಂಬಿದವಳು ಮಗಳ ಹಾಸಿಗೆಯನ್ನು ಎಂಟು ವರ್ಷ, ಕಿಟಕಿ ಹತ್ತಿರ ಗಾಳಿ ಬರುತ್ತದೆಂದು ಹೇಳಿ, ಆಚೆ ಗೋಡೆಗೇ ಒತ್ತಿ ಹಾಸಿದ್ದಳು. ತನ್ನದನ್ನೂ ಮಗಳ ಪಕ್ಕಕ್ಕೇ ಹಾಸಿಕೊಂಡಿದ್ದಳು. ನಡುಗೋಡೆಯ ಬುಡದಲ್ಲಿ ಇಷ್ಟು ವರ್ಷ ಮಲಗಿದ್ದವನು ಮೇಸ್ತ್ರಿಯೊಬ್ಬನೇ.